ಊಟ ಮುಗಿಸಿ ಹೊರಟರೆ ಆಕಾಶ ಸಿಗಲ್ಲ

ಹಾಂ, ನಿನ್ನ ಮೆಸೇಜ್ ನೋಡ್ದೆ. ಹಿಂದೆ ಇದ್ದ ಊರಿಗೆ ಮತ್ತೆ ಹೋಗ್ತಿದೀಯ, ರಾತ್ರಿ ನಡುಪೇಟೆ ಫೋಟೋ ತೆಗೀಬೇಕು. ಹಳೇ ಫೋಟೋಗಳಲ್ಲಿ ಆಕಾಶ ಮಸಿ, ದೀಪ ಎಲ್ಲಾ ಬಿಳೀ ಮಚ್ಚೆ, ಯಾಕೆ ಅಂತ ಕೇಳಿದೀಯಲ್ಲ. ಕ್ಯಾಮೆರಾದ ತಪ್ಪಲ್ಲ ಅದು, ಹೊತ್ತಿನ ತಪ್ಪು. ಸೂರ್ಯ ಮುಳುಗಿ ಸುಮಾರು 20 ನಿಮಿಷ ಆದ್ಮೇಲೆ ಸ್ವಲ್ಪ ಹೊತ್ತು ಮಾತ್ರ ಆಕಾಶದ ನೀಲಿಯೂ ಬೀದಿದೀಪದ ಬೆಳಕೂ ಸರಿಸಮ ಇರುತ್ತೆ. ಆಮೇಲೆ ಏನು ಮಾಡಿದ್ರೂ ಕಪ್ಪೇ. ಅದಕ್ಕೇ ಸೂರ್ಯ ಮುಳುಗೋ ಮುಂಚೆಯೇ ಟ್ರೈಪಾಡ್ (ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್) ನಿಲ್ಲಿಸಿರಬೇಕು.

ಹಳೇ ಫೋಟೋ ತೆಗೆದ ಜಾಗದಿಂದಲೇ ತೆಗೆಯೋದಾದ್ರೆ ಆ ಜಾಗ ಹಗಲಲ್ಲೇ ಹುಡುಕಿಕೋ. ಜೂಮ್ ಮಾಡಿ ಹೊಂದಿಸ್ತೀನಿ ಅಂದ್ರೆ ಆಗಲ್ಲ, ನಿಂತ ಜಾಗ ಬದಲಾದ್ರೆ ನೋಟವೇ ಬದಲು. ಹತ್ತಿರದ ಕಂಬ ದೂರದ ಕಟ್ಟಡದ ಯಾವ ಕಿಟಕಿಗೆ ಅಡ್ಡ ಬಂದಿತ್ತು ಅಂತ ಹಳೇ ಫೋಟೋದಲ್ಲಿ ನೋಡು. ಅದೇ ಕಿಟಕಿ ಮುಚ್ಚೋವರೆಗೆ ಎಡಕ್ಕೆ ಬಲಕ್ಕೆ ಸರಿ. ಕಂಬದ ತುದಿ ಅದೇ ಮಹಡಿಗೆ ಬರೋವರೆಗೆ ಮುಂದೆ ಹಿಂದೆ ಹೋಗು. ಜೂಮ್ ಏನಿದ್ರೂ ಕೊನೇಲಿ. ಬಣ್ಣ ಮಾತ್ರ ಹೊಂದಲ್ಲ, ಅದರ ಆಸೆ ಬಿಡು. ಹಳೇ ಸೋಡಿಯಂ ದೀಪದ ಬೆಳಕು ಹೆಚ್ಚುಕಮ್ಮಿ ಬರೀ ಕಿತ್ತಳೆ, ಈಗ ಎಷ್ಟೋ ಕಡೆ ಬಿಳೀ ಎಲ್‌ಇಡಿ ಬಂದಿದೆ. ರಾ ಫೈಲಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆದು, ಬಣ್ಣದ ಹದ ಇಡೋ ವೈಟ್ ಬ್ಯಾಲೆನ್ಸ್ 3500 ಕೆಲ್ವಿನ್ ಹತ್ತಿರ ಶುರು ಮಾಡಿ ಮನೇಲಿ ತಿದ್ದಿಕೋ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ಅಳತೆ) 100, ಅಪರ್ಚರ್ ಅಂದ್ರೆ ಲೆನ್ಸಿನ ಕಂಡಿ ಎಫ್ 8, ಶಟರ್ ತೆರೆದಿರೋದು 2ರಿಂದ 8 ಸೆಕೆಂಡ್. ಗಾಡಿಗಳ ದೀಪ ಗೆರೆ ಆಗ್ಬೇಕಂದ್ರೆ 10ರಿಂದ 20. ಕಂಡಿ ಇನ್ನೂ ಕಿರಿದು ಮಾಡಿ ಎಫ್ 16ಕ್ಕೆ ಹೋದ್ರೆ ದೀಪ ನಕ್ಷತ್ರದ ಥರ ಬರುತ್ತೆ ನಿಜ, ಆದ್ರೆ ಇಡೀ ಚಿತ್ರ ಸ್ವಲ್ಪ ಮಸುಕಾಗುತ್ತೆ, ನನಗೆ ಅದು ಹಿಡಿಸಲ್ಲ. ಬೋರ್ಡಿನ ಅಕ್ಷರ ಓದೋಕಾಗೋ ಹಾಗೆ, ಚಿತ್ರಕ್ಕೆ ಬೀಳೋ ಬೆಳಕು ಅಂದ್ರೆ ಎಕ್ಸ್‌ಪೋಷರ್ ಇಳಿಸು. ನೆರಳನ್ನ ಆಮೇಲೆ ಎತ್ತಬಹುದು, ಫೋಟೋದಲ್ಲಿ ಬಿಳೀ ಮಚ್ಚೆಯಾದ ದೀಪ ವಾಪಸ್ ಬರಲ್ಲ. ಫೋಕಸ್ ದೀಪದ ಕಂಬದ ಅಂಚಿಗೆ ಹಿಡಿದು ಮ್ಯಾನುವಲ್‌ಗೆ ಹಾಕಿಬಿಡು. 2 ಸೆಕೆಂಡ್ ಟೈಮರ್ ಇಡು, ಬೆರಳು ತಾಗಿದ್ರೂ ಅಲುಗುತ್ತೆ. ಟ್ರೈಪಾಡ್ ಮೇಲಿದ್ದಾಗ ಅಲುಗಾಟ ತಡೆಯೋ ಸ್ಟೆಬಿಲೈಸೇಶನ್ ಆಫ್ ಮಾಡು, ಕೆಲವು ಲೆನ್ಸ್‌ಗಳಲ್ಲಿ ಅದೇ ಮಸುಕು ಮಾಡುತ್ತೆ. ಲೆನ್ಸ್ ಮುಂದಿನ ಯುವಿ ಫಿಲ್ಟರ್ ಗಾಜು ಬಿಚ್ಚು. ಅದಿದ್ರೆ ದೀಪಗಳ ತಲೆಕೆಳಗಾದ ಪ್ರತಿಬಿಂಬ ಆಕಾಶದಲ್ಲಿ ಹಸಿರಾಗಿ ತೇಲ್ತಿರುತ್ತೆ. ಆ ಹಳೇ ಫೋಟೋದಲ್ಲಿ ಗೋಪುರದ ಪಕ್ಕ ಇರೋ ಚುಕ್ಕಿಗಳು ಅವೇ ಇರಬೇಕು.

ಫೋನಲ್ಲಿ ತೆಗೆಯೋದಾದ್ರೆ ಮೊದಲು ಲೆನ್ಸ್ ಒರೆಸು. ಬೆರಳಿನ ಜಿಡ್ಡಿಗೇ ದೀಪದಿಂದ ಗೆರೆ ಎಳೆದ ಹಾಗೆ ಬರೋದು. ಕೈಯಲ್ಲಿ ಹಿಡಿಯೋ ಬದಲು ಗೋಡೆ ಮೇಲೆ ಒರಗಿಸಿ ನೈಟ್ ಮೋಡ್ ಹಾಕು, ಕೆಲವು ಫೋನ್ ತಾನೇ ಹೆಚ್ಚು ಸೆಕೆಂಡ್ ತಗೊಳುತ್ತೆ. ಸೇತುವೆ ಮೇಲೆ ಬಸ್ಸು ದಾಟೋವಾಗ ಒತ್ತಬೇಡ, ಸೇತುವೆಯೇ ನಡುಗುತ್ತೆ. ಇನ್ನು, ಎಸಿ ರೂಮಿಂದ ಸೆಕೆಗೆ ಬಂದ್ರೆ ಲೆನ್ಸ್ ಮಂಜಾಗುತ್ತೆ. ಕ್ಯಾಮೆರಾನ ಮುಚ್ಚಿದ ಬ್ಯಾಗಲ್ಲೇ ಅರ್ಧ ಗಂಟೆ ಮುಂಚೆ ಹೊರಗಿಟ್ಟಿರು.