ಸಹಾಯ ಬೇಕು: ಅಪ್ಪನ ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ತುಂಡು) ಇನ್ನೊಂದು ಕಡೆ ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. 1980ರ ದಶಕದಲ್ಲಿ ಮುಂಬೈನಲ್ಲಿ ಹಡಗು ರಿಪೇರಿ ಕೆಲಸ, ಬಾಯ್ಲರ್ ಪೈಪಿಗೆ ಆಸ್ಬೆಸ್ಟಾಸ್ ಸುತ್ತುತ್ತಿದ್ದರು, ಬನಿಯನ್ ತುಂಬಾ ಬಿಳಿ ಧೂಳು, ಅಮ್ಮ ಅದನ್ನು ಬಾಗಿಲಲ್ಲೇ ಕೊಡವುತ್ತಿದ್ದರು. ಆಗ ಯಾರಿಗೆ ಗೊತ್ತಿತ್ತು ಹೇಳಿ.

ಈಗ ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿದೆ. ಎರಡು ಸಲ ನೀರು ತೆಗೆದು ಪರೀಕ್ಷೆ ಮಾಡಿದರೂ ಏನೂ ಗೊತ್ತಾಗಲಿಲ್ಲ, ಆಮೇಲೆ ಶ್ವಾಸಕೋಶದ ಪೊರೆಯಿಂದ ತುಂಡು ತೆಗೆದರು. ರಿಪೋರ್ಟಿನಲ್ಲಿ ಮೀಸೋಥೀಲಿಯೋಮಾ (ಹೆಚ್ಚಾಗಿ ಆಸ್ಬೆಸ್ಟಾಸ್‌ನಿಂದ ಬರುವ ಪೊರೆಯ ಕ್ಯಾನ್ಸರ್) ಇರಬಹುದು, ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳಿಂದ ಬರುವ ಬೇರೆ ಕ್ಯಾನ್ಸರ್) ಕೂಡ ಇರಬಹುದು ಅಂತಿದೆ! ಯಾವ ಕ್ಯಾನ್ಸರ್ ಅಂತ ಗುರುತಿಸುವ ಮಾರ್ಕರ್ ಪರೀಕ್ಷೆಗಳಲ್ಲಿ ಮಾಡಿರುವುದು ಕ್ಯಾಲ್‌ರೆಟಿನಿನ್ ಒಂದೇ, ಅದು ಪಾಸಿಟಿವ್, ಅಂದರೆ ಮೀಸೋಥೀಲಿಯೋಮಾ ಕಡೆ ವಾಲುತ್ತದೆ. ಡಬ್ಲ್ಯೂಟಿ-1, ಟಿಟಿಎಫ್-1, ಬಿಎಪಿ-1 ಯಾವುದನ್ನೂ ಹಾಕಿಲ್ಲ. ಒಂದೇ ಮಾರ್ಕರ್ ನಂಬಿ ಕೀಮೋ ಶುರು ಮಾಡೋಕೆ ನನಗೆ ಧೈರ್ಯ ಇಲ್ಲ.

ಆಸ್ಬೆಸ್ಟಾಸ್ ಬಾಡಿ (ಕಬ್ಬಿಣದ ಲೇಪ ಹಿಡಿದ ಆಸ್ಬೆಸ್ಟಾಸ್ ಎಳೆ) ಕಾಣಲಿಲ್ಲ, ಹಾಗಾಗಿ ಮೀಸೋಥೀಲಿಯೋಮಾ ಅಲ್ಲ ಅಂತ ಒಬ್ಬ ಡಾಕ್ಟರು ಅಂದರು. ಆದರೆ ಕಬ್ಬಿಣ ತೋರಿಸುವ ಬಣ್ಣ (ಸ್ಟೇನ್) ಹಾಕಿದಾಗ ನೀಲಿಯಾಗಿ ಕಾಣುವ ಆ ಕಡ್ಡಿಗಳು ಸಿಗುವುದು ಹೆಚ್ಚಾಗಿ ಶ್ವಾಸಕೋಶದ ಒಳಗೆ, ಪೊರೆಯಲ್ಲಿ ಅಪರೂಪ ಅಲ್ವಾ?

ಕಿದ್ವಾಯಿ ಅಥವಾ ಟಾಟಾ ಮೆಮೋರಿಯಲ್‌ನಲ್ಲಿ ಸ್ಲೈಡ್ ರಿವ್ಯೂ (ಅದೇ ತುಂಡನ್ನು ಇನ್ನೊಬ್ಬ ಪ್ಯಾಥಾಲಜಿಸ್ಟ್ ಮತ್ತೆ ನೋಡುವುದು) ಮಾಡಿಸಿದವರು ಇದ್ದೀರಾ? ಅಪ್ಪನನ್ನು ಕರೆದುಕೊಂಡು ಹೋಗದೆ ಬರೀ ಬ್ಲಾಕ್ ಕೊಟ್ಟರೆ ತಗೋತಾರಾ, ಎಷ್ಟು ದಿನ ಆಗುತ್ತೆ? ಪ್ಯಾಥಾಲಜಿಯವರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ, ರಿಪೋರ್ಟಿನ ಫೋಟೋ ಕಳಿಸುತ್ತೇನೆ.