ಈ ಭಾನುವಾರ ಮೀನು ತರಬೇಡ ಸುಹಾಸ

ಸುಹಾಸ, ನಿನ್ನ ಮೆಸೇಜು, ಟ್ಯಾಂಕಿನ ಫೋಟೋ ಎರಡೂ ನೋಡಿದೆ. ಎರಡಡಿ ಟ್ಯಾಂಕು ಮನೆಗೆ ಬಂತು, ಪುಟ್ಟಿಯ ಹುಟ್ಟುಹಬ್ಬ ಮುಂದಿನ ವಾರ. ಭಾನುವಾರ ಶಿವಾಜಿನಗರಕ್ಕೆ ಹೋಗಿ ನಾಲ್ಕು ಗೋಲ್ಡ್ ಫಿಶ್, ಎರಡು ಏಂಜಲ್, ಹತ್ತು ಗಪ್ಪಿ, ಗಾಜು ಕ್ಲೀನ್ ಮಾಡುವುದಕ್ಕೆ ಒಂದು ಸಕರ್ ತರಲಾ ಚಿಕ್ಕಮ್ಮ ಅಂತ ಕೇಳಿದ್ದೀಯ. ಟೈಪ್ ಮಾಡುವುದಕ್ಕೆ ನನಗೆ ಬೇಜಾರು. ಮಾತಾಡುತ್ತಾ ಹೋಗುತ್ತೇನೆ, ಫೋನೇ ಬರೆದುಕೊಳ್ಳಲಿ. ಉದ್ದ ಆಗುತ್ತದೆ, ಮನೆಯ ಗ್ರೂಪಿನಲ್ಲಿರುವ ಮಿಕ್ಕವರು ಬೈದುಕೊಳ್ಳಬೇಡಿ.

ಭಾನುವಾರ ಮೀನು ಬೇಡ. ನೀರು ತುಂಬಿಸು, ಫಿಲ್ಟರ್ ಓಡಿಸು, ಖಾಲಿ ಬಿಡು. ಪುಟ್ಟಿ ಮುಖ ಊದಿಸಿಕೊಳ್ಳುತ್ತಾಳೆ, ಗೊತ್ತು. ಕಲ್ಲು ಜೋಡಿಸುವುದು, ಗಿಡ ನೆಡುವುದು ಎಲ್ಲಾ ಅವಳ ಕೈಯಲ್ಲೇ ಮಾಡಿಸು, ಹುಟ್ಟುಹಬ್ಬಕ್ಕೆ ಅಷ್ಟು ಸಾಕು.

ಯಾಕೆ ಅಂದರೆ, ಮೀನು ಉಸಿರಾಡುವಾಗಲೇ ಕಿವಿರಿನಿಂದ ಅಮೋನಿಯಾ ಅನ್ನುವ ವಿಷ ಬಿಡುತ್ತದೆ. ಉಳಿದ ತಿಂಡಿ ಕೊಳೆತರೂ ಅದೇ. ಹೊಳೆಯಲ್ಲಿ ಹರಿದು ಹೋಗುತ್ತದೆ, ನಿನ್ನ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಬೆಳೆಯಬೇಕು. ಒಂದು ಜಾತಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಸಾಲದೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಇನ್ನೊಂದು ಜಾತಿ ಬಂದು ನೈಟ್ರೈಟನ್ನು ನೈಟ್ರೇಟ್ ಮಾಡಿದ ಮೇಲೆ ಮೀನು ಬದುಕುವ ನೀರಾಗುತ್ತದೆ. ಇಷ್ಟಕ್ಕೆ ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿನ ಮೀನು ಎರಡನೇ ವಾರದಲ್ಲಿ ಒಂದೊಂದಾಗಿ ಸಾಯುತ್ತವಲ್ಲ, ಜನ ದೃಷ್ಟಿ ಆಯಿತು ಅನ್ನುತ್ತಾರೆ, ಅಂಗಡಿಯವನು ನೀಲಿ ಔಷಧಿ ಕೊಡುತ್ತಾನೆ. ಆ ಮೆಥಿಲೀನ್ ಬ್ಲೂ ಟ್ಯಾಂಕಿಗೇ ಸುರಿದರೆ ಇದ್ದ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕು. ಅದು ಕೊಳೆತು ಅಮೋನಿಯಾ ಆಗಿ ಬ್ಯಾಕ್ಟೀರಿಯಾಕ್ಕೆ ಊಟ ಸಿಗುತ್ತದೆ. ಇನ್ನೂ ಬೇಗ ಆಗಬೇಕಾ, ಶನಿವಾರ ಮನೆಗೆ ಬಾ. ನನ್ನ ಹಳೇ ಫಿಲ್ಟರಿನ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ ಕೊಡುತ್ತೇನೆ, ನಿನ್ನ ಫಿಲ್ಟರಿನೊಳಗೆ ಸೇರಿಸು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಡಬ್ಬದಲ್ಲಿ ನನ್ನ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ಒಯ್ಯಬೇಕು, ಒಣಗಿದರೆ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ. ಆಗಲೂ ಟೆಸ್ಟ್ ಕಿಟ್ ತಗೊಂಡು ನೋಡು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು. ದುಡ್ಡು ಉಳಿಸುವುದಾದರೆ ಬಣ್ಣದ ಕಲ್ಲಿನಲ್ಲಿ ಉಳಿಸು, ಕಿಟ್‌ನಲ್ಲಿ ಬೇಡ.

ನೀರಿನ ವಿಷಯ. ನಿಮ್ಮ ಮನೆಯಲ್ಲಿ ಕಾವೇರಿ ನೀರು, ಬೋರ್‌ವೆಲ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತದೆ ಅಲ್ವಾ? ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಮೀನಿಗೂ ಆಗದು, ಬ್ಯಾಕ್ಟೀರಿಯಾಕ್ಕೂ ಆಗದು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಅವಸರ ಇದ್ದರೆ ಆಂಟಿ ಕ್ಲೋರಿನ್ ಹಾಕು. ಬೋರ್ ನೀರು ಗಡಸು, ಅದಕ್ಕೆ ಹೆದರಬೇಡ. ಆ ನೀರನ್ನೇ ಇಷ್ಟಪಡುವ ಮೀನು ತಂದರಾಯಿತು. ಆದರೆ ಪಿಎಚ್ ಜಾಸ್ತಿ, ಅಂದರೆ ಕ್ಷಾರ ಜಾಸ್ತಿ ಇರುವ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಜೋರು, ಅದಕ್ಕೇ ಮೇಲೆ ಅಷ್ಟು ಕೊರೆದೆ. ಕುಡಿಯುವ ಆರ್‌ಓ ನೀರು ಒಳ್ಳೆಯದು ಅಂತ ಅದನ್ನೇ ತುಂಬಿಸಬೇಡ, ಅದರಲ್ಲಿ ಲವಣ ತೀರಾ ಕಡಿಮೆ.

ಈಗ ನಿನ್ನ ಪಟ್ಟಿ. ಸಿಟ್ಟಾಗಬೇಡ, ಮುಕ್ಕಾಲು ಪಾಲು ಹೊಡೆದು ಹಾಕುತ್ತೇನೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ ಲೆಕ್ಕಕ್ಕೆ 57 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45ರಿಂದ 50. ಗೋಲ್ಡ್ ಫಿಶ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಚೆನ್ನಾಗಿ ಸಾಕಿದರೆ ಆರೇಳು ಇಂಚು ಬೆಳೆದು ಹತ್ತು ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ, ಗಲೀಜೂ ಅಷ್ಟೇ ಮಾಡುತ್ತದೆ. ಅದಕ್ಕೆ ತಣ್ಣನೆ ನೀರು ಬೇಕು, ಏಂಜಲ್‌ಗೆ ಬೆಚ್ಚಗಿನ ನೀರು ಬೇಕು. ಇಬ್ಬರನ್ನೂ ಒಂದೇ ಮನೆಯಲ್ಲಿ ಇಡುವುದು ಹೇಗೆ? ಸಾಲದ್ದಕ್ಕೆ ಏಂಜಲ್ ದೊಡ್ಡದಾದರೆ ಸಣ್ಣ ಮೀನುಗಳನ್ನು ನುಂಗುತ್ತದೆ.

ಸಕರ್ ಅಂತೂ ಬೇಡವೇ ಬೇಡ. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅನ್ನುವುದು ಅಂಗಡಿ ಮಾತು, ಅದು ತಿಂದಿದ್ದಕ್ಕಿಂತ ಹೇತಿದ್ದೇ ಹೆಚ್ಚು. ದಕ್ಷಿಣ ಅಮೆರಿಕದ ಮೀನು, ಅಡಿಗಿಂತ ಉದ್ದ ಬೆಳೆಯುತ್ತದೆ. ಆಮೇಲೆ ಜನ ಪುಣ್ಯ ಅಂದುಕೊಂಡು ಕೆರೆಗೆ ಬಿಡುತ್ತಾರೆ. ಹೀಗೆ ಬಿಟ್ಟೂ ಬಿಟ್ಟೂ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದೇ ಸಂತಾನ ಬೆಳೆಸಿಕೊಂಡು ಕೂತಿದೆ. ಯಾವ ಮೀನು ಸಾಕಾದರೂ ಅಂಗಡಿಗೆ ವಾಪಸ್ ಕೊಡು, ಕೆರೆಗೆ ಬಿಡಬೇಡ.

ನಾನಾದರೆ ಮೊದಲು ಆರು ಜೀಬ್ರಾ ಡ್ಯಾನಿಯೊ ಬಿಡುತ್ತೇನೆ. ಬೆಳ್ಳಿ ಮೈಗೆ ನೀಲಿ ಪಟ್ಟೆ, ಗುಂಪಾಗಿ ಓಡಾಡುತ್ತಲೇ ಇರುತ್ತವೆ, ಪುಟ್ಟಿಗೆ ಖಂಡಿತ ಇಷ್ಟವಾಗುತ್ತದೆ. ನಮ್ಮ ದೇಶದ್ದೇ ಮೀನು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಬುಕಾನನ್ ಇದ್ದಾನಲ್ಲ, ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಇಟ್ಟುಕೊಂಡ, ಅವನೇ ಇದಕ್ಕೆ 1822ರಲ್ಲಿ ವಿಜ್ಞಾನದ ಹೆಸರು ಕೊಟ್ಟವನು. ನಮ್ಮೂರಿನ ಚಳಿಗೂ ಜಗ್ಗುವುದಿಲ್ಲ, ನೀರು 20 ಡಿಗ್ರಿಗೆ ಇಳಿದರೂ ಹೀಟರ್ ಇಲ್ಲದೆ ಇರುತ್ತವೆ. ಎರಡು ಮೂರು ವಾರ ಬಿಟ್ಟು ನಾಲ್ಕು ಪ್ಲಾಟಿ ತಾ. ಗಡಸು ನೀರು ಅವಕ್ಕೆ ಬಹಳ ಇಷ್ಟ, ಪುಟ್ಟಿ ಕೇಳಿದ ಕಿತ್ತಳೆ ಬಣ್ಣವೂ ಸಿಗುತ್ತದೆ. ಅಷ್ಟೇ, ಅಲ್ಲಿಗೆ ನಿಲ್ಲಿಸು. ಗಪ್ಪಿಯೇ ಬೇಕು ಅಂತ ಹಟ ಮಾಡಿದರೆ ಪ್ಲಾಟಿ ಬದಲು ಗಂಡು ಗಪ್ಪಿ ಮಾತ್ರ. ಹೆಣ್ಣು ತಂದರೆ ಹೆಚ್ಚುಕಡಿಮೆ ತಿಂಗಳಿಗೊಂದು ಬಾಣಂತನ, ಗಂಡು ಜೊತೆಯಲ್ಲಿ ಇಲ್ಲದಿದ್ದರೂ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ.

ಮೀನು ತಂದ ದಿನ ಕವರನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸು. ಆಮೇಲೆ ನಿನ್ನ ನೀರು ಸ್ವಲ್ಪ ಸ್ವಲ್ಪ ಕವರಿಗೆ ಸೇರಿಸು. ಬಲೆಯಲ್ಲಿ ಮೀನು ಮಾತ್ರ ಎತ್ತಿ ಬಿಡು, ಅಂಗಡಿ ನೀರು ಚೆಲ್ಲು.

ಇನ್ನು ಮೇಂಟೆನೆನ್ಸ್. ಕೆಲವರು ತಿಂಗಳಿಗೊಮ್ಮೆ ಮೀನನ್ನೆಲ್ಲ ಬಕೆಟ್ಟಿಗೆ ಹಾಕಿ, ಕಲ್ಲು, ಸ್ಪಂಜು ಎಲ್ಲಾ ನಲ್ಲಿ ಕೆಳಗೆ ಉಜ್ಜಿ ತೊಳೆಯುತ್ತಾರೆ. ಆರು ವಾರ ಕಷ್ಟಪಟ್ಟು ಬೆಳೆಸಿದ್ದು ಒಂದೇ ಗಂಟೆಯಲ್ಲಿ ಚರಂಡಿಗೆ ಹೋಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ, ಅಂದರೆ 12 ಲೀಟರ್, ಪೈಪಿನಿಂದ ತಳದ ಗಲೀಜಿನ ಸಮೇತ ಎಳೆದು ತೆಗೆ. ಅಷ್ಟೇ ಹೊಸ ನೀರು ಹಾಕು. ಸ್ಪಂಜು ಕಟ್ಟಿಕೊಂಡಾಗ ಆ ತೆಗೆದ ನೀರಿನಲ್ಲೇ ಹಿಂಡಿ ವಾಪಸ್ ಹಾಕು. ಗಲೀಜು ನೀರನ್ನು ತುಳಸಿಗೆ, ಕರಿಬೇವಿಗೆ ಹುಯ್ಯಿ, ನೈಟ್ರೇಟ್ ಗಿಡಕ್ಕೆ ಗೊಬ್ಬರ. ಶಬ್ದ ಬರುತ್ತದೆ ಅಂತ ರಾತ್ರಿ ಫಿಲ್ಟರ್ ಆರಿಸಬೇಡ.

ಅಕ್ಕಾ, ಇದು ನಿನಗೆ. ಮೀನು ಗಾಜಿನ ಹತ್ತಿರ ಬಂದರೆ ಹಸಿವು ಅಂತ ಅರ್ಥ ಅಲ್ಲ, ನಿನ್ನ ಕೈ ಕಂಡು ಬರುತ್ತದೆ. ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ಅದೂ ಮನೆಯಲ್ಲಿ ಒಬ್ಬರೇ ಹಾಕಬೇಕು. ಚಪಾತಿ ಚೂರು, ಅನ್ನ, ಮಂಡಕ್ಕಿ ಏನೂ ಬೇಡ.

ಭಾವ ಯಾವ ದಿಕ್ಕಿಗೆ ಇಡಬೇಕು ಅಂತ ಕೇಳಿದ್ದಾರೆ. ವಾಸ್ತು ನಿಮಗೆ ಬಿಟ್ಟಿದ್ದು ಭಾವ. ನೇರ ಬಿಸಿಲು ಬೀಳುವ ಕಿಟಕಿ ಹತ್ತಿರ ಮಾತ್ರ ಬೇಡ, ವಾರದಲ್ಲಿ ಗಾಜೆಲ್ಲಾ ಪಾಚಿ. ನೀರು, ಕಲ್ಲು, ಗಾಜು ಸೇರಿ ಹತ್ತಿರ ಹತ್ತಿರ 70 ಕೆಜಿ ಆಗುತ್ತದೆ, ಹಳೇ ಟಿವಿ ಸ್ಟ್ಯಾಂಡು ತಡೆಯುವುದಿಲ್ಲ. ಟ್ಯಾಂಕಿನ ಕೆಳಗೆ ಥರ್ಮಾಕೋಲ್ ಶೀಟು ಹಾಕಿ.

ದಸರಾ ರಜೆಗೆ ಊರಿಗೆ ಹೋದರೆ ಏನು ಮಾಡುವುದು ಅಂತಲೂ ಕೇಳಿದ್ದೀಯ. ಬೆಳೆದ ಮೀನುಗಳು ನಾಲ್ಕೈದು ದಿನ ತಿಂಡಿ ಇಲ್ಲದೆ ಆರಾಮಾಗಿ ಇರುತ್ತವೆ. ಪಕ್ಕದ ಮನೆಯವರ ಕೈಗೆ ತಿಂಡಿ ಡಬ್ಬ ಕೊಟ್ಟು ಹೋಗಬೇಡ, ಪ್ರೀತಿ ಜಾಸ್ತಿ ಆಗಿ ಅರ್ಧ ಡಬ್ಬ ಸುರಿದುಬಿಡುತ್ತಾರೆ. ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡುವುದು ಭಾವನ ಅಭ್ಯಾಸ, ಫಿಲ್ಟರ್ ನಿಲ್ಲದ ಹಾಗೆ ನೀನೇ ನಿಂತು ನೋಡಿಕೋ.