ಗು ಚಾಂಗ್‌ವೇ: ಛಾಯಾಗ್ರಾಹಕರಾಗಿ ಅವರ ಹೆಚ್ಚುಗಾರಿಕೆ ಏನು?

ಪ್ರಶ್ನೆ:
ಚೀನಾದ ಐದನೇ ತಲೆಮಾರಿನ, ಅಂದರೆ 1980ರ ದಶಕದಲ್ಲಿ ಹೊರಹೊಮ್ಮಿದ ನಿರ್ದೇಶಕರ ಚಿತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ನಿರ್ದೇಶಕರ ಹೆಸರೇ ಮುಂದೆ ಬರುತ್ತದೆ. ಅವುಗಳಲ್ಲಿ ಹಲವನ್ನು ಚಿತ್ರೀಕರಿಸಿದ ಗು ಚಾಂಗ್‌ವೇ ಅವರ ಬಗ್ಗೆ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಅವರು 1957ರಲ್ಲಿ ಶಿಆನ್ ನಗರದಲ್ಲಿ ಹುಟ್ಟಿದರು. ಸಾಂಸ್ಕೃತಿಕ ಕ್ರಾಂತಿಯ ನಂತರ ಬೀಜಿಂಗ್ ಫಿಲ್ಮ್ ಅಕಾಡೆಮಿ ಮತ್ತೆ ಬಾಗಿಲು ತೆರೆದಾಗ, 1978ರಲ್ಲಿ ಛಾಯಾಗ್ರಹಣ ವಿಭಾಗ ಸೇರಿದರು. ಜಾಂಗ್ ಯಿಮೌ ಅಲ್ಲಿ ಅವರ ಸಹಪಾಠಿ. ಆ ಗೆಳೆಯನ ಮೊದಲ ನಿರ್ದೇಶನವಾದ ‘ರೆಡ್ ಸೋರ್ಗಮ್’ (1987) ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಇವರೇ. ಪಲ್ಲಕ್ಕಿಯ ಕೆಂಪು ಬಟ್ಟೆಯಿಂದ ಸೋಸಿ ಬರುವ ಬೆಳಕು ಮದುಮಗಳ ಮುಖದ ಮೇಲೆ ಬೀಳುವ ದೃಶ್ಯವೊಂದೇ ಸಾಕು, ಬಣ್ಣವೇ ಕಥೆ ಹೇಳಬಲ್ಲದು ಎಂಬುದು ಅರ್ಥವಾಗುತ್ತದೆ. ‘ಫೇರ್‌ವೆಲ್ ಮೈ ಕಾನ್‌ಕ್ಯುಬೈನ್’ (1993) ಅವರಿಗೆ ಆಸ್ಕರ್ ನಾಮನಿರ್ದೇಶನ ತಂದಿತು.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಅವರನ್ನು ಬಣ್ಣದ ಮಾಂತ್ರಿಕರೆಂದಷ್ಟೇ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಜಿಯಾಂಗ್ ವೆನ್ ನಿರ್ದೇಶನದ ‘ಡೆವಿಲ್ಸ್ ಆನ್ ದಿ ಡೋರ್‌ಸ್ಟೆಪ್’ (2000) ಬಹುಪಾಲು ಕಪ್ಪು-ಬಿಳುಪಿನಲ್ಲೇ ಸಾಗಿ, ಕಟ್ಟಕಡೆಯ ಗಳಿಗೆಯಲ್ಲಿ ಮಾತ್ರ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಹಿಡಿದಿಟ್ಟ ಸಂಯಮದಿಂದಲೇ ಆ ಬಣ್ಣ ಎದೆಗೆ ನಾಟುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಅವರೇ ನಿರ್ದೇಶಿಸಿದ ಚಿತ್ರಗಳಲ್ಲಿ ಯಾವುದನ್ನು ಮೊದಲು ನೋಡಬೇಕು?

ಉತ್ತರ 2:
‘ಪೀಕಾಕ್’ ನೋಡಿ. 2005ರಲ್ಲಿ ಬರ್ಲಿನ್ ಚಿತ್ರೋತ್ಸವದ ತೀರ್ಪುಗಾರರ ವಿಶೇಷ ‘ಬೆಳ್ಳಿ ಕರಡಿ’ ಪ್ರಶಸ್ತಿ ಪಡೆದ ಚಿತ್ರವದು. ಮನೆಯಲ್ಲೇ ಹೊಲಿದ ನೀಲಿ ಪ್ಯಾರಾಚೂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹುಡುಗಿಯೊಬ್ಬಳು ಬೀದಿಯಲ್ಲಿ ಸಾಗುವುದನ್ನು ಗಮನವಿಟ್ಟು ನೋಡಿ.